ಸ್ಥಾವರ-ಜಂಗಮ ಕ್ರೀಡಾಯಂತ್ರ ಮೀಮಾಂಸೆ

ವಿಷಯ: ಟಿವಿಯ ಕೆಳಗೆ ಬೇರೂರಿ ಕೂತ ಆಟದ ಯಂತ್ರ ಸ್ಥಾವರ, ಕೈಯಲ್ಲಿ ಹಿಡಿದು ಬಚ್ಚಲುಮನೆಗೂ ಒಯ್ಯಬಹುದಾದದ್ದು ಜಂಗಮ. ಇವೆರಡರಲ್ಲಿ ಮುಂದೆ ಉಳಿಯುವುದು ಯಾವುದೆಂಬುದೇ ಜಿಜ್ಞಾಸೆ. ಅಧಿಕಾರಿ: ಪರೀಕ್ಷೆ ಮುಗಿದವನು, ಮುಗಿಯದವನಿಗೇ ಆಸಕ್ತಿ ಹೆಚ್ಚೆಂಬುದು ಲೋಕಾನುಭವ. ಪ್ರಯೋಜನ: ಈವರೆಗೆ ಕಂಡುಬಂದಿಲ್ಲ.

ಪೂರ್ವಪಕ್ಷ: ಸ್ಥಾವರವಾದಿಗಳ ಪ್ರಕಾರ ಬಲಶಾಲಿಯೇ ಗೆಲ್ಲುವವನು. 2020ರ ಪ್ಲೇಸ್ಟೇಷನ್ 5ರ ತೂಕ ನಾಲ್ಕೂವರೆ ಕಿಲೋ. 2022ರ ಸ್ಟೀಮ್ ಡೆಕ್ ಮುಕ್ಕಾಲು ಕಿಲೋ ಕೂಡ ತೂಗದು. ತಕ್ಕಡಿಯೇ ಪ್ರಮಾಣವಾದರೆ ವಾದ ಇಲ್ಲಿಗೇ ಮುಗಿಯಿತು.

ಖಂಡನ: ಮುಗಿಯಲಿಲ್ಲ. 1989ರಲ್ಲಿ ನಿಂಟೆಂಡೊದ ಗುನ್‌ಪೇ ಯೊಕೊಯಿ ತಂಡ ಗೇಮ್ ಬಾಯ್ ತಂದಿತು. ಬಣ್ಣವಿಲ್ಲ, ಪರದೆಗೆ ಬೆಳಕಿಲ್ಲ. ಕಿಟಕಿಯ ಹತ್ತಿರ ಓರೆ ಹಿಡಿದರೆ ಬಸಳೆಸಾರಿನಂಥ ಹಸಿರಿನಲ್ಲಿ ಏನೋ ಓಡಾಡುವುದು ಕಾಣುತ್ತಿತ್ತು. ಮರುವರ್ಷದ ಸೆಗಾ ಗೇಮ್ ಗಿಯರ್‌ನಲ್ಲಿ ಬಣ್ಣ, ಬೆಳಕು ಎರಡೂ ಇದ್ದವು. ಆದರೆ ಅದು ಆರು ಸೆಲ್ ನುಂಗಿ ಮೂರರಿಂದ ಐದು ಗಂಟೆಯೊಳಗೆ ಕಣ್ಣು ಮುಚ್ಚುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹತ್ತು ಗಂಟೆ ದಾಟುತ್ತಿತ್ತು. ಗೆದ್ದದ್ದು ಬಡಪಾಯಿಯೇ. ಸೂತ್ರ: ಸೆಲ್ ಉಳಿಸಿದವನೇ ಬಲ್ಲಿದ.

ಮತತ್ರಯ: 2017ರ ನಿಂಟೆಂಡೊ ಸ್ವಿಚ್ ಅದ್ವೈತಿ. ಡಾಕ್‌ನಲ್ಲಿ ಕೂರಿಸಿದರೆ ಸ್ಥಾವರ, ಎತ್ತಿದರೆ ಜಂಗಮ. ಭೇದವೆಲ್ಲ ಡಾಕ್ ಎಂಬ ಉಪಾಧಿಯದು. 15 ಕೋಟಿಗೂ ಮಿಕ್ಕಿ ಮಾರಾಟವಾದದ್ದರಿಂದ ಈ ಮತಕ್ಕೆ ಅನುಯಾಯಿಗಳ ಕೊರತೆಯಿಲ್ಲ. ಸ್ಟೀಮ್ ಡೆಕ್ ವಿಶಿಷ್ಟಾದ್ವೈತಿ: ಪಿಸಿಯೇ ಆತ್ಮ, ಡೆಕ್ ಅದರ ಶರೀರ. 2023ರಲ್ಲಿ ಬಂದ ಪ್ಲೇಸ್ಟೇಷನ್ ಪೋರ್ಟಲ್ ಅಪ್ಪಟ ದ್ವೈತಿ. ಆಗ ಅದು ಸಂಪೂರ್ಣ ಪರತಂತ್ರ. ಮನೆಯಲ್ಲಿ ಪಿಎಸ್ 5 ಎಂಬ ಸ್ವತಂತ್ರ ತತ್ತ್ವವಿದ್ದು, ವೈಫೈ ಕೃಪೆಯೂ ಒದಗಿದರೆ ಮಾತ್ರ ಆಟದ ದರ್ಶನ.

ಸಿದ್ಧಾಂತ: ಭಾರಿ ಆಟ ಹಾಕಿದರೆ ಸ್ಟೀಮ್ ಡೆಕ್‌ನ ಆಯುಸ್ಸು ಸುಮಾರು ಎರಡು ಗಂಟೆ. 2025ರ ಸ್ವಿಚ್ 2 ಕೂಡ ಎರಡರಿಂದ ಆರೂವರೆ ಗಂಟೆಯ ಮಾತನ್ನಷ್ಟೇ ಕೊಡುತ್ತದೆ. ಆಮೇಲೆ ಜಂಗಮನ ಸಂಚಾರ ಚಾರ್ಜರ್ ವೈರಿನ ಉದ್ದಕ್ಕೆ ಸೀಮಿತ. ಅತ್ತ ಸ್ಥಾವರವೋ, ಪೋರ್ಟಲ್‌ನ ನೆಪದಲ್ಲಿ ಹಾಸಿಗೆಯವರೆಗೂ ಹರಿದಾಡುತ್ತಿದೆ. ಆದಕಾರಣ ಭವಿಷ್ಯ ಸ್ಥಾವರದ್ದೂ ಅಲ್ಲ, ಜಂಗಮದ್ದೂ ಅಲ್ಲ, ಗೋಡೆಯ ಪ್ಲಗ್ಗಿನದು.

ಫಲಶ್ರುತಿ: ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಓದಿದವರು ಒಂದು ಯಂತ್ರ ಕೊಳ್ಳುವರು. ವಾದಕ್ಕಿಳಿದವರು ಎರಡನ್ನೂ ಕೊಳ್ಳುವರು, ಕಂತಿನಲ್ಲಿ.