ನಡುವೆ ಒಂದು ಕಬ್ಬಿನ ಟ್ರ್ಯಾಕ್ಟರ್

ನಮ್ಮ ಕಡೆಯಿಂದ ಯಾರಾದರೂ ಅಮೆರಿಕಕ್ಕೆ ಹೊರಟರೆ ವೀಸಾದ ಚಿಂತೆ ಅವರೊಬ್ಬರದು. ವಿಮಾನ ಎಲ್ಲಿ ಹತ್ತಬೇಕೆಂಬ ಚಿಂತೆ ಇಡೀ ಓಣಿಯದು. ನಿಪ್ಪಾಣಿಯವರಿಗೆ ಕೊಲ್ಹಾಪುರ 40 ಕಿಲೋಮೀಟರ್, ಬೆಳಗಾವಿ ಹತ್ತಿರಹತ್ತಿರ ಅದರ ಇಮ್ಮಡಿ. ಕಾಗವಾಡದವರು ಮೀರಜಿಗೆ ಹೋಗಿ ಮುಂಬಯಿ ರೈಲು ಹಿಡಿ ಎನ್ನುತ್ತಾರೆ. ರಾಯಬಾಗದವರಿಗೆ ತಮ್ಮ ಹೆಸರಿನ ಸ್ಟೇಷನ್ನಿದೆ. ಚಿಕ್ಕೋಡಿಯವರದು ‘ಚಿಕ್ಕೋಡಿ ರೋಡ್’. ಇಳಿದ ಮೇಲೂ ಊರಿಗೆ ಇನ್ನೊಂದು ಪ್ರಯಾಣ ಬಾಕಿ. ಅಥಣಿಯ ನಮಗೆ ಎಲ್ಲವೂ ದೂರ. ಹೀಗಾಗಿ ಸಲಹೆಗಳೂ ಹೆಚ್ಚು.

ನಮ್ಮ ಅತ್ತೆಯ ಮಗನ ಸರದಿ ಬಂದಾಗ ಬೆಳಗಾವಿಯ ಸಾಂಬ್ರಾ ಗೆದ್ದಿತು. 1942ರಲ್ಲಿ, ಯುದ್ಧಕಾಲದಲ್ಲಿ, ಬ್ರಿಟಿಷ್ ವಾಯುಪಡೆ ಕಟ್ಟಿದ ನಿಲ್ದಾಣ ಅದು. ಅಥಣಿಯಿಂದ ಅಲ್ಲಿಗೆ ಸುಮಾರು 140 ಕಿಲೋಮೀಟರ್, ಮೂರು ತಾಸು. ಅಲ್ಲಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 445 ಕಿಲೋಮೀಟರ್, ಒಂದೇ ತಾಸು. ಅದರಲ್ಲೂ ಈ ಮೂರು ತಾಸು ಹೇಳುವುದಕ್ಕಷ್ಟೇ. ಪೈಲಟ್ಟಿಗೆ ಎದುರುಗಾಳಿಯ ಅಂದಾಜು ಹೊರಡುವ ಮೊದಲೇ ಕೈಗೆ ಬಂದಿರುತ್ತದೆ. ಆದರೆ ಮುಂದಿನ ತಿರುವಿನಲ್ಲಿ ಎರಡು ಟ್ರೇಲರ್ ಕಬ್ಬು ಹೇರಿಕೊಂಡು, ದೊಡ್ಡ ದನಿಯಲ್ಲಿ ಹಾಡು ಹಚ್ಚಿಕೊಂಡು, ಟ್ರ್ಯಾಕ್ಟರ್ ಒಂದು ರಾಜಗಾಂಭೀರ್ಯದಿಂದ ಹೊರಟಿದೆಯೆಂದು ನಮ್ಮ ಕ್ರೂಸರ್ ಡ್ರೈವರನಿಗೆ ಯಾರು ಹೇಳಬೇಕು? ಮಳೆಗಾಲದಲ್ಲಿ ಕಬ್ಬಿನ ಕಾಟವಿಲ್ಲ, ಕೃಷ್ಣೆಯದಿದೆ. ಕುಡಚಿ–ಉಗಾರ ನಡುವಿನ ಸೇತುವೆ ಮುಳುಗಿತೆಂದರೆ ಗೂಗಲ್ಲೂ ಊರವರನ್ನೇ ಕೇಳಬೇಕು.

ಮಗ ಮುಟ್ಟಬೇಕಾದದ್ದು ಸಾನ್ ಫ್ರಾನ್ಸಿಸ್ಕೊ. ಬೆಂಗಳೂರಿನಿಂದ ಸುಮಾರು 14,000 ಕಿಲೋಮೀಟರ್. ಮೊಬೈಲಿನಲ್ಲಿ ಆ ಹಾದಿಯ ಗೆರೆ ಉತ್ತರ ಧ್ರುವದ ಕಡೆಗೆ ಬಾಗಿದ್ದು ನೋಡಿ ಅತ್ತೆಗೆ ಸಿಟ್ಟು ಬಂತು.

“ಸೀದಾ ಹೋಗೂದ ಬಿಟ್ಟು ಇವಾ ಯಾಕ ಸುತ್ತ ಹಾಕ್ತಾನ? ಮೀಟರ್ ಏರ್‍ಲಿ ಅಂತೇನ?”

“ಅತ್ತಿ, ನಕಾಶಿ ಅಂದ್ರ ರೊಟ್ಟಿ, ಭೂಮಿ ಅಂದ್ರ ಉಂಡಿ,” ಎಂದೆ. ಅತ್ತೆ ಬರೀ ಮಾತಿಗೆ ಒಪ್ಪುವವಳಲ್ಲ. ಡಬ್ಬಿಯಿಂದ ಶೇಂಗಾ ಉಂಡಿ ತಂದು ದಾರ ಬಿಗಿದಳು. ಆಚೆ ಮಗ್ಗುಲಿಗೆ ನಡುಹೊಟ್ಟೆ ಬಳಸಿ ಹೋಗುವುದಕ್ಕಿಂತ ನೆತ್ತಿಯ ಮೇಲೆ ಹಾಯುವುದೇ ಹತ್ತಿರವೆಂದು ದಾರ ಒಪ್ಪಿಕೊಂಡಿತು. ಅತ್ತೆಯೂ ಒಪ್ಪಿದಳು. ಪುರಾವೆಯನ್ನು ನಾನು ತಿಂದೆ.

ಆಮೇಲೆ 2021ರ ಜನವರಿಯ ಕಥೆ ಹೇಳಿದೆ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವದಲ್ಲಿ ಏರ್ ಇಂಡಿಯಾದ ಹೆಣ್ಣುಮಕ್ಕಳೇ ಸಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ, ಧ್ರುವದ ಮೇಲಿಂದ, ವಿಮಾನ ತಂದದ್ದು. ಅಲ್ಲಿಯ 9ನೇ ತಾರೀಖು ರಾತ್ರಿ ಹೊರಟವರು ಇಲ್ಲಿಯ 11ರ ನಸುಕಿಗೆ ಇಳಿದರು. ಹಾರಿದ್ದು ಮಾತ್ರ ಸುಮಾರು 17 ತಾಸು. ಹೆಣ್ಣುಮಕ್ಕಳ ವಿಷಯ ಕೇಳಿ ಅತ್ತೆ ಹಿಗ್ಗಿದಳು. ತಾರೀಖಿನ ವಿಷಯಕ್ಕೆ ಹುಬ್ಬುಗಂಟಿಕ್ಕಿದಳು. ಪಂಢರಪುರದ ವಾರಿ ತಪ್ಪಿಸದ ಮನೆತನ.

“ನಡುವಿನ ಹತ್ತನೇ ತಾರೀಖು ಏಕಾದಶಿ ಇದ್ರ? ಉಪಾಸ ಯಾವತ್ತ ಹಿಡೀಬೇಕು?”

ಬ್ಯಾಗಿಗೆ ಶೇಂಗಾಚಟ್ನಿ ತುರುಕುತ್ತಿದ್ದ ಮಗ ತಲೆ ಎತ್ತದೆ ಹೇಳಿದ: “ಇಳದ ಮ್ಯಾಲ ಹಿಡಿ ಯವ್ವಾ. ವಿಮಾನದಾಗ ತಾಸ ತಾಸಿಗೆ ತಿನ್ನಾಕ ತಂದ ಕೊಡ್ತಾರ, ಟಿಕೀಟಿನ್ಯಾಗ ಅದರ ರೊಕ್ಕಾನೂ ಐತಿ.”