ಫೈವ್ ಪಾಯಿಂಟ್ ಒನ್ ರಾಯರು

ನಮ್ಮ ಅಡುಗೆಮನೆಯಲ್ಲಿ ಯಾವ ಡಬ್ಬ ನಡುಗುತ್ತಿದೆ ಎಂದು ನೋಡಿಯೇ ಮೇಲಿನ ಮನೆಯಲ್ಲಿ ಯಾವ ಸಿನಿಮಾ ಓಡುತ್ತಿದೆ ಎಂದು ನನ್ನ ಹೆಂಡತಿ ಹೇಳಬಲ್ಲಳು. ಸಾಸಿವೆ ಡಬ್ಬ ಮಾತ್ರ ಕಿಣಿಕಿಣಿ ಎಂದರೆ ಯಾವುದೋ ಸಂಸಾರದ ಕಥೆ. ಬೇಳೆ ಡಬ್ಬಗಳೂ ಸೇರಿಕೊಂಡರೆ ‘ಕೆಜಿಎಫ್’. ಇಡೀ ಶೆಲ್ಫು ಮೈಮೇಲೆ ದೈವ ಬಂದ ಹಾಗೆ ಆಡತೊಡಗಿದರೆ ‘ಕಾಂತಾರ’, ಅದೂ ಕ್ಲೈಮ್ಯಾಕ್ಸು.

ಮೇಲಿನವರು ನಮ್ಮ ಓನರ್ರು. ಯಲಹಂಕದ ಕೋಗಿಲು ಕ್ರಾಸಿನಿಂದ ಒಳಗೆ ಬಂದು ಎರಡು ಸಲ ದಾರಿ ತಪ್ಪಿದರೆ ಸಿಗುವ ಬೀದಿಯಲ್ಲಿ, ಮೂವತ್ತು ನಲವತ್ತರ ಸೈಟಿನಲ್ಲಿ, ಮೇಲೆ ಅವರು, ಕೆಳಗೆ ನಾವು. ಬಾಡಿಗೆ ಕರಾರಿನಲ್ಲಿ ನೀರು, ಪಾರ್ಕಿಂಗು, ಸುಣ್ಣಬಣ್ಣ ಎಲ್ಲದರ ಪ್ರಸ್ತಾಪವೂ ಇದೆ, ಸಬ್‌ವೂಫರಿನದೊಂದಿಲ್ಲ. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಬೀದಿ ಇಟ್ಟ ಹೆಸರು ರಿಸೀವರ್ ರಾಯರು.

ಇವರದೇ ಒಂದು ಜಾತಿ. ದುಡ್ಡಿದ್ದವರು ಗೋಡೆಯೊಳಗೇ ಸ್ಪೀಕರ್ ಹುಗಿಸಿ ಮರೆತುಬಿಡುತ್ತಾರೆ. ದುಡ್ಡಿಲ್ಲದವರು ಟಿವಿಯ ಸದ್ದಿನಲ್ಲೇ ಸುಖವಾಗಿರುತ್ತಾರೆ. ನಡುವಿನವರು ಸೌಂಡ್‌ಬಾರ್ ತಂದು ಸುಮ್ಮನಾಗುತ್ತಾರೆ. ರಾಯರ ಪ್ರಕಾರ ಸೌಂಡ್‌ಬಾರ್ ಎಂದರೆ ಇನ್‌ಸ್ಟಂಟ್ ಕಾಫಿ. ಡಿಕಾಕ್ಷನ್ ಇಳಿಯುವವರೆಗೆ ಕಾಯಲಾರದವರ ಪಾನೀಯ. ಇವೆಲ್ಲ ಬಿಟ್ಟು, ಸ್ಪೀಕರುಗಳನ್ನೆಲ್ಲ ನಡೆಸುವ ಒಳ್ಳೆ ರಿಸೀವರನ್ನು ಕಮ್ಮಿ ದುಡ್ಡಿಗೆ ಹುಡುಕಿ ತಂದು, ಐದು ಸ್ಪೀಕರನ್ನೂ ತಾವೇ ಕೂಡಿಸಿ, ಉಳಿದ ಆಯುಷ್ಯವನ್ನು ಅದರ ರಿಪೇರಿಯಲ್ಲಿ ಕಳೆಯುವವರೇ ಈ ರಾಯರ ಪಂಗಡ. ಗುರುತಿಸುವುದು ಸುಲಭ. ನಿಮ್ಮ ಮನೆಗೆ ಬಂದವರು ಹಾಲಿನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ಸೂರಿನ ಮೂಲೆ ನೋಡಿದರೆ, ಅವರೇ. ಪ್ರತಿಧ್ವನಿ ಎಷ್ಟಿದೆ ಎಂದು ನೋಡುವ ಕ್ರಮವದು. ಎದುರುಮನೆಯ ಗೃಹಪ್ರವೇಶದಲ್ಲಿ ರಾಯರು ಹೀಗೆ ತಟ್ಟಿದಾಗ ಪುರೋಹಿತರು ಮಂತ್ರ ನಿಲ್ಲಿಸಿ, “ಮುಗಿಸಬೇಕೇ?” ಎಂದು ಕೇಳಿದ್ದರು.

ರಿಸೀವರ್ ಬಂದದ್ದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಿಂದ, ಇಪ್ಪತ್ತೆಂಟು ಸಾವಿರಕ್ಕೆ. ಚೌಕಾಸಿಯಲ್ಲಿ ಎರಡು ಸಾವಿರ ಉಳಿಸಿದ ಕಥೆಯನ್ನು ರಾಯರು ನನಗೆ ಹತ್ತು ಸಲ ಹೇಳಿದ್ದಾರೆ. ಆಮೇಲೆ ವೈರು, ಸ್ಟ್ಯಾಂಡು, ಸ್ಟೆಬಿಲೈಸರಿಗೆ ಹತ್ತೊಂಬತ್ತು ಸಾವಿರ ಹೋದದ್ದನ್ನು ಅವರ ಹೆಂಡತಿ ಒಂದೇ ಸಲ ಹೇಳಿದರು, ಅಷ್ಟೇ ಸಾಕಾಯಿತು. “ಲಕ್ಷದ ಸೆಟ್ಟಿಗೂ ಇದಕ್ಕೂ ಕಿವಿಗೆ ವ್ಯತ್ಯಾಸವೇ ಗೊತ್ತಾಗಲ್ಲ ಸಾರ್,” ಎನ್ನುವುದು ರಾಯರ ಮೂಲಮಂತ್ರ.

ಅವರ ಪಾಠಗಳಲ್ಲಿ ನನಗೆ ಇಷ್ಟವಾದದ್ದು ವ್ಯಾಟಿನ ಪಾಠ. ಡಬ್ಬದ ಮೇಲೆ 140 ವ್ಯಾಟ್ ಎಂದು ದಪ್ಪಕ್ಷರದಲ್ಲಿದೆ. ಕೆಳಗಿನ ಸಣ್ಣಕ್ಷರ ಓದಿದರೆ, ಅದು ಒಂದೇ ಚಾನೆಲ್ ದುಡಿಯುವಾಗ, 6 ಓಮ್ ಸ್ಪೀಕರಿಗೆ, ಒಂದೇ ಒಂದು ಸ್ವರ ಹಾಕಿ ಅಳೆದ ಲೆಕ್ಕ. “ಒಬ್ಬನೇ ಕೂತಾಗ ಹತ್ತು ಮುದ್ದೆ ಹೊಡೀತಾನೆ ಅಂತ ಬರೆದಿದ್ದಾರೆ ಸಾರ್. ಐದು ಜನ ಒಟ್ಟಿಗೆ ಕೂತರೆ ಮಾಡಿಟ್ಟಿರೋ ಹಿಟ್ಟೇ ಅಷ್ಟು, ಹಂಚ್ಕೋಬೇಕು.” ಫೈವ್ ಪಾಯಿಂಟ್ ಒನ್ ಎಂಬುದರಲ್ಲಿ ಐದು ಎಂದರೆ ಐದು ಸ್ಪೀಕರು. ಆ ಪಾಯಿಂಟ್ ಒನ್ ಎಂದರೆ ಗುಡುಗು ಸಿಡಿಲಿಗೆಂದೇ ಮೀಸಲಾದ ಸಬ್‌ವೂಫರಿನ ದಾರಿ. 120 ಹರ್ಟ್ಸಿಗಿಂತ ಮೇಲಿನ ಸ್ವರಕ್ಕೆ ಅಲ್ಲಿ ಪ್ರವೇಶವಿಲ್ಲ, ಅದಕ್ಕೇ ಅದನ್ನು ಪೂರ್ತಿ ಒಂದು ಎಂದು ಎಣಿಸುವುದಿಲ್ಲ. 40 ಹರ್ಟ್ಸಿನ ಒಂದು ಅಲೆಯ ಉದ್ದವೇ ಸುಮಾರು 28 ಅಡಿ ಎಂದು ರಾಯರು ಹೇಳಿದ ದಿನ ನಾನು ನಮ್ಮ ಸೈಟಿನ ಅಗಲ ನೆನೆದು ಸುಮ್ಮನಾದೆ. ರಾತ್ರಿ ಹತ್ತರ ಮೇಲೆ ವಸತಿ ಪ್ರದೇಶದಲ್ಲಿ 45 ಡೆಸಿಬೆಲ್ ಮೀರಬಾರದೆಂಬ ನಿಯಮವೂ ಅವರಿಗೆ ಬಾಯಿಪಾಠ. ಮೊಬೈಲಿನಲ್ಲಿ ಅಳೆದು, “43, ಕಾನೂನಿನ ಒಳಗೇ ಇದೀವಿ,” ಎನ್ನುತ್ತಾರೆ. ಮೊಬೈಲಿಗೆ ಬೇಸ್ ಸದ್ದು ಸರಿಯಾಗಿ ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮ ಡಬ್ಬಗಳಿಗೆ ಸಿಗುತ್ತದೆ.

ಅವರ ಹೆಂಡತಿಯ ಪಾಡು ಬೇರೆ. ಒಂದು ಸೀರಿಯಲ್ ನೋಡಲು ಮೂರು ರಿಮೋಟು. ಟಿವಿಯದೆಂದು ಒಂದು ದಿನ ಒಪ್ಪಿದ ರಿಮೋಟು ಮರುದಿನ ತಾನು ರಿಸೀವರಿನದು ಎನ್ನುತ್ತದೆ. ರಿಸೀವರಿನ ನೆತ್ತಿ ಬರಿದಾಗಿ ಕಾಣುತ್ತದೆಂದು ಅವರೊಮ್ಮೆ ಕ್ರೋಶಾ ಬಟ್ಟೆ ಹಾಸಿ ಗಣಪತಿಯನ್ನು ಕೂರಿಸಿದರು. ಬಿಸಿ ಹೊರಹೋಗಲು ದಾರಿಯಿಲ್ಲದೆ ಅದು ಅರ್ಧ ಗಂಟೆಯಲ್ಲಿ ತಾನಾಗಿ ಆರಿಹೋಯಿತು. “ಸಾಕು!” ಎಂದು ಅವರು ಅಡುಗೆಮನೆಯಿಂದ ಕೂಗಿದಾಗಲೆಲ್ಲ ರಾಯರು ಇನ್ನೊಂದು ಯುದ್ಧದ ದೃಶ್ಯ ಹಾಕುತ್ತಿದ್ದರು. ಎಂಥ ಮೊಂಡರಪ್ಪಾ ಎಂದುಕೊಳ್ಳುತ್ತಿದ್ದೆ.

ನನ್ನ ಮೇಲೆ ರಾಯರಿಗಿದ್ದ ಹಕ್ಕು ಒಂದೇ. ವಾರಕ್ಕೊಮ್ಮೆಯಾದರೂ ಮೆಟ್ಟಿಲ ಮೇಲಿಂದ ಬಗ್ಗಿ ಕೂಗುತ್ತಿದ್ದರು: “ಸಾರ್, ಒಂದ್ನಿಮಿಷ ಬರ್ತೀರಾ? ನಿಮ್ಮ ಕಿವಿ ಬೇಕಿತ್ತು.”

ಕ್ಯಾಲಿಬ್ರೇಷನ್ನಿನ ಕಥೆಯನ್ನಂತೂ ಹೇಳಲೇಬೇಕು. ರಿಸೀವರಿನ ಜೊತೆ ಮೋದಕದಷ್ಟು ದೊಡ್ಡ ಕರಿ ಮೈಕೊಂದು ಬರುತ್ತದೆ. ಕೂತವರ ಕಿವಿಯ ಎತ್ತರದಲ್ಲಿ ಅದನ್ನಿಟ್ಟರೆ, ಯಂತ್ರವೇ ಒಂದೊಂದು ಸ್ಪೀಕರಿನಿಂದ ಸದ್ದು ಹೊರಡಿಸಿ, ಯಾವುದು ಎಷ್ಟು ದೂರ, ಯಾವುದು ಎಷ್ಟು ಜೋರು ಎಂದು ಅಳೆದುಕೊಳ್ಳುತ್ತದೆ. ಷರತ್ತು ಒಂದೇ: ಅಷ್ಟು ಹೊತ್ತು ಪೂರ್ತಿ ನಿಶ್ಶಬ್ದ ಇರಬೇಕು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಕೋಗಿಲಿನಲ್ಲಿ ನಿಶ್ಶಬ್ದ ಎಂಬ ವಸ್ತು ಎಲ್ಲಿದೆ? ಮೊದಲ ಯತ್ನಕ್ಕೆ ವಿಮಾನ ಹಾದುಹೋಯಿತು. ಎರಡನೆಯದಕ್ಕೆ ನಮ್ಮದೇ ಕುಕ್ಕರ್ ಕೂಗಿತು. ಮೂರನೆಯದಕ್ಕೆ ಸೊಪ್ಪಿನ ಗಾಡಿಯ ಧ್ವನಿಮುದ್ರಿತ ಕೊತ್ತಂಬರಿ. ನಾಲ್ಕನೆಯದಕ್ಕೆ ರಿವರ್ಸ್ ಬರುತ್ತಿದ್ದ ನೀರಿನ ಟ್ಯಾಂಕರಿನ ಸಂಗೀತ. ಐದನೆಯದಕ್ಕೆ ಎಲ್ಲವೂ ಅಡಗಿತು ಎನ್ನುವಾಗ ತೆಂಗಿನ ಮರದಿಂದ ಒಂದು ಕೋಗಿಲೆ. ಹೆಸರಿನಲ್ಲೇ ಹಕ್ಕಿಯ ಕೂಗಿಟ್ಟುಕೊಂಡ ಊರಿನಲ್ಲಿ ದೂರುವುದಾದರೂ ಯಾರನ್ನು? ಪ್ರತಿಸಲವೂ ಪರದೆಯ ಮೇಲೆ ಅದೇ ಸಂದೇಶ: ಸದ್ದು ಜಾಸ್ತಿ, ಮತ್ತೆ ಪ್ರಯತ್ನಿಸಿ.

ಆ ರಾತ್ರಿ ಎರಡಕ್ಕೆ ಕಾಲು ಗಂಟೆ ಇರುವಾಗ ಬಾಗಿಲು ತಟ್ಟಿದರು. “ಮಲಗಿದ್ರಾ? ನಿಮ್ಮ ಕಿವಿ ಬೇಕಿತ್ತು.” ಬೇಕಿದ್ದುದು ನಿಜಕ್ಕೂ ಕಿವಿಯ ಎತ್ತರ. ನನ್ನನ್ನು ಸೋಫಾದಲ್ಲಿ ಕೂರಿಸಿ ಟೇಪು ಹಿಡಿದು ನೆಲದಿಂದ ಕಿವಿಗೆ 38 ಇಂಚು ಎಂದು ಬರೆದುಕೊಂಡರು. ಆಮೇಲೆ ನನ್ನನ್ನು ಎಬ್ಬಿಸಿ ಅದೇ ಜಾಗದಲ್ಲಿ ಅಕ್ಕಿ ಡಬ್ಬ, ಅದರ ಮೇಲೆ ಹಾರ್ಲಿಕ್ಸ್ ಬಾಟಲಿ, ಅದರ ಮೇಲೆ ಪಂಚಾಂಗ, ಅದರ ಮೇಲೆ ಮೈಕು ಇಟ್ಟರು. ಫ್ಯಾನು ಆರಿತು, ಫ್ರಿಜ್ಜು ಆರಿತು. ನಾವಿಬ್ಬರೂ ಅಡುಗೆಮನೆ ಬಾಗಿಲ ಹಿಂದೆ ಕಳ್ಳರಂತೆ ಕುಕ್ಕರುಗಾಲಿನಲ್ಲಿ ಕೂತೆವು. ಯಂತ್ರ ಕೆಳಗಿನ ಸ್ವರದಿಂದ ಶುರುಮಾಡಿ ಆಂಬುಲೆನ್ಸಿನ ಹಾಗೆ ಮೇಲಕ್ಕೇರುತ್ತ ಊಳಿಟ್ಟಿತು. ಬೀದಿಯ ಎಲ್ಲ ನಾಯಿಗಳೂ ಅದಕ್ಕೆ ಉತ್ತರ ಕೊಟ್ಟವು. ನಾಯಿಗಳ ಉತ್ತರಕ್ಕೆ ಗೂರ್ಖಾ ಸೀಟಿ ಊದಿದ. ಮೂರನೇ ಸುತ್ತಿನಲ್ಲಿ ಫಲಿತಾಂಶ ಬಂತು: ಸಬ್‌ವೂಫರಿನ ದೂರ 22 ಅಡಿ. ಹಾಲಿನ ಉದ್ದವೇ 14 ಅಡಿ. ಸಬ್‌ವೂಫರಿನೊಳಗಿನ ಸರ್ಕಿಟ್ಟು ಸದ್ದನ್ನು ಚೂರು ತಡಮಾಡಿ ಬಿಡುತ್ತದೆ, ಆ ತಡವನ್ನು ಯಂತ್ರ ದೂರವೆಂದು ಎಣಿಸುತ್ತದೆ ಎಂದು ರಾಯರು ವಿವರಿಸಿದರು. ಕೆಳಗೆ ಮಲಗುವ ನನ್ನ ಪಾಲಿಗೆ ಆ ದೂರ ಸೊನ್ನೆ ಅಡಿ ಎಂದು ನಾನು ವಿವರಿಸಲಿಲ್ಲ. ಒಂದು ದೃಶ್ಯ ಹಾಕಿ, “ಈಗ ಹೇಗಿದೆ?” ಎಂದರು. ಮೊದಲಿನದಕ್ಕೂ ಈಗಿನದಕ್ಕೂ ನನಗೆ ಒಂದಿಷ್ಟೂ ವ್ಯತ್ಯಾಸ ಕೇಳಿಸಲಿಲ್ಲ. “ಆಹಾ, ಬೇರೆ ಲೋಕ,” ಎಂದೆ. ಬಾಡಿಗೆದಾರ. ಬೆಳಿಗ್ಗೆ ಫ್ರಿಜ್ಜು ಹಾಕಲು ಮರೆತದ್ದಕ್ಕೆ ಅವರ ಮನೆಯ ಹಾಲು ಒಡೆದಿತ್ತು.

ಹೀಗೆ ಸುಳ್ಳು ಹೊಗಳಿದ ಪಾಪ ಒಮ್ಮೆ ಬಯಲಿಗೂ ಬಂತು. 2023ರ ಫೆಬ್ರವರಿ, ಏರೋ ಇಂಡಿಯಾ ವೈಮಾನಿಕ ಪ್ರದರ್ಶನದ ವಾರ. ಹದ್ದುಗಳು ವಿಮಾನಕ್ಕೆ ಅಡ್ಡ ಬರಬಾರದೆಂದು ಯಲಹಂಕದ ಸುತ್ತ ಮಾಂಸದಂಗಡಿಗಳಿಗೆ ಬೀಗ. ಬಾಡೂಟವಿಲ್ಲದೆ ಮನಸ್ಸು ಬರಿದಾಗಿತ್ತು, ರಾಯರು ಕರೆದರೆಂದು ಹೋದೆ. ಹೆಲಿಕಾಪ್ಟರ್ ದೃಶ್ಯ ಹಾಕುವುದಾಗಿ ಹೇಳಿ ರಿಮೋಟು ಹುಡುಕುತ್ತಿದ್ದರು. ಬೆನ್ನ ಹಿಂದಿನಿಂದ ಎದ್ದ ಗಡಗಡ ಸದ್ದು ತಲೆಯ ಮೇಲೆ ಹಾದು ಮುಂದೆ ಹೋಯಿತು. ನಾನು ಕಣ್ಣುಮುಚ್ಚಿ, “ಅಬ್ಬಾ! ನೆತ್ತಿ ಮೇಲೇ ಹೋದ ಹಾಗಾಯ್ತು ರಾಯರೇ,” ಎಂದೆ. ಉತ್ತರವಿಲ್ಲ. ಕಣ್ತೆರೆದರೆ ಟಿವಿ ಇನ್ನೂ ಆನ್ ಆಗಿರಲಿಲ್ಲ. ವಾಯುಪಡೆಯ ‘ಸಾರಂಗ್’ ಹೆಲಿಕಾಪ್ಟರುಗಳು ನಿಜವಾಗಿಯೂ ನೆತ್ತಿಯ ಮೇಲೇ ಹೋಗಿದ್ದವು. ರಾಯರು ಒಂದು ವಾರ ನನ್ನ ಕಿವಿ ಕೇಳಲಿಲ್ಲ.

ಹೋದ ವರ್ಷ ಮುಂದಿನ ಬಲಗಡೆ ಸ್ಪೀಕರಿನಲ್ಲಿ ಏರುಸ್ವರ ನುಡಿಸುವ ಟ್ವೀಟರ್ ಹೋಗಿದೆ ಎಂದರು. ಎರಡು ಸಲ ಅಂಗಡಿಗೆ ಹೊತ್ತರು, ಎರಡು ಸಲವೂ ಅಂಗಡಿಯವರು ಸರಿಯಿದೆ ಎಂದು ಕಳಿಸಿದರು. ನನ್ನನ್ನು ಕರೆದು ಮೊಬೈಲಿನಿಂದ ಒಂದೊಂದೇ ಸ್ವರ ಬಿಟ್ಟರು. ಸಾವಿರ ಹರ್ಟ್ಸ್, ಎರಡು ಸಾವಿರ. ನಾಲ್ಕು ಸಾವಿರಕ್ಕೆ ಮುಂದೆ ಬಾಗಿದರು. ಎಂಟು ಸಾವಿರಕ್ಕೆ, “ನೋಡಿ, ನಿಂತುಹೋಯ್ತು,” ಎಂದರು. ನನಗೆ ಸೂಜಿ ಚುಚ್ಚಿದ ಹಾಗೆ ಕೇಳಿಸುತ್ತಿತ್ತು. ಕೇಳಿಸದ್ದನ್ನು ಕೇಳಿಸಿತು ಎಂದು ಇಷ್ಟು ವರ್ಷ ಸಲೀಸಾಗಿ ಹೇಳಿದವನಿಗೆ, ಕೇಳಿಸುತ್ತಿದ್ದುದನ್ನು ಹೇಳಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ನನ್ನನ್ನು ಊಟಕ್ಕೆ ಕರೆಯಲು ಬಂದ ಹತ್ತು ವರ್ಷದ ಮಗಳು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು, “ಅಂಕಲ್, ನಿಲ್ಸಿ!” ಎಂದಳು. ರಾಯರು ನಿಲ್ಲಿಸಲಿಲ್ಲ, ಹದಿನಾಲ್ಕು ಸಾವಿರಕ್ಕೆ ಏರಿಸಿದರು. ಈಗ ನನಗೂ ಏನೂ ಇಲ್ಲ. ಅವಳ ಕೈ ಮಾತ್ರ ಕಿವಿಯಿಂದ ಇಳಿದಿರಲಿಲ್ಲ.

ರಾಯರು ಅವಳ ಕಿವಿಯನ್ನೇ ನೋಡುತ್ತ ಕೂತರು. “ಮೂವತ್ತೆರಡು ವರ್ಷ ಫ್ಯಾಕ್ಟರಿಯ ಪ್ರೆಸ್ ಶಾಪಿನಲ್ಲಿದ್ದೆ ಸಾರ್. ಹತ್ತಿ ಇಟ್ಕೊಂಡ್ರೆ ಜೊತೆಯವರು ನಗ್ತಿದ್ರು.” ಯಂತ್ರದ ಸದ್ದು ಕಿವಿಯನ್ನು ತಿನ್ನುವುದು ಮೊದಲು ನಾಲ್ಕು ಸಾವಿರ ಹರ್ಟ್ಸಿನ ಆಸುಪಾಸಿನಲ್ಲಿ. ಮಾತಿನ ಸ, ಶಗಳ ಚುರುಕು ಇರುವುದೂ ಅಲ್ಲಿ ಮತ್ತು ಅದರ ಮೇಲೆ. ಡೈಲಾಗ್ ಕೇಳಿಸುವುದಿಲ್ಲವೆಂದು ನಡುವಿನ ಸ್ಪೀಕರನ್ನು ಏರಿಸಿ ಏರಿಸಿ, ಸಾಲದೆ ಒಟ್ಟು ವಾಲ್ಯೂಮನ್ನೂ ಏರಿಸುತ್ತಿದ್ದುದು ಅದಕ್ಕೆ. ಹೆಂಡತಿ “ಸಾಕು” ಎಂದದ್ದು ಅವರಿಗೆ ಇಷ್ಟು ವರ್ಷ “ಹಾಕು” ಎಂದೇ ಕೇಳಿಸಿತ್ತು. ನನ್ನ ಕಿವಿ ಬೇಕಿತ್ತು ಎಂದದ್ದು ತಮಾಷೆಗಲ್ಲ. ನಾನೋ, ಆ ಕಿವಿಯನ್ನು ಒಂದು ಸಲವೂ ಪ್ರಾಮಾಣಿಕವಾಗಿ ಕೊಟ್ಟವನಲ್ಲ.

ರಾಯರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬಂದರು. ಬಂದವರ ಕೈಯಲ್ಲಿ ಆಡಿಯೋಗ್ರಾಮು, ಮುಖದಲ್ಲಿ ಹೊಸ ಸ್ಪೀಕರ್ ತಂದ ಕಳೆ. “ನೋಡಿ ಸಾರ್, ನನ್ನದೇ ಫ್ರೀಕ್ವೆನ್ಸಿ ಗ್ರಾಫು. ಇಲ್ಲೊಂದು ಗುಂಡಿ, ಆಮೇಲೆ ಇಳಿಜಾರು. ಇದಕ್ಕೆ ತಕ್ಕ ಹಾಗೆ ಕಂಪ್ಯೂಟರಿನಲ್ಲಿ ಒಂದೊಂದು ಸ್ವರಾನೂ ಸೆಟ್ ಮಾಡ್ತಾರೆ. ಆಟೋ ಕ್ಯಾಲಿಬ್ರೇಷನ್ನೇ!” ಎರಡು ಶ್ರವಣ ಸಾಧನಕ್ಕೆ ರಿಸೀವರಿಗಿಂತ ಹೆಚ್ಚು ದುಡ್ಡು ಕೊಟ್ಟಿದ್ದಾರೆ. ದುಬಾರಿಯದಕ್ಕೂ ಅಗ್ಗದ್ದಕ್ಕೂ ವ್ಯತ್ಯಾಸ ಈ ಒಂದು ವಸ್ತುವಿನಲ್ಲಿ ಮಾತ್ರ ಚೆನ್ನಾಗಿ ಗೊತ್ತಾಗುತ್ತದಂತೆ. ಈಗ ವಾಲ್ಯೂಮು ಅರ್ಧಕ್ಕಿಳಿದಿದೆ. ಸಾಸಿವೆ ಡಬ್ಬ ಕೂಡ ಅಲುಗುವುದಿಲ್ಲ. ಯಾವ ಸಿನಿಮಾ ಓಡುತ್ತಿದೆ ಎಂದು ತಿಳಿಯದೆ ನನ್ನ ಹೆಂಡತಿಗೆ ಸ್ವಲ್ಪ ಬೇಸರವೇ ಆಗಿದೆ.

ಆದ್ದರಿಂದ, ಐವತ್ತು ದಾಟಿದ ಓದುಗರೇ, ಎಸ್.ಪಿ. ರೋಡಿಗೆ ಹೋಗುವ ಮೊದಲು ಒಮ್ಮೆ ಕಿವಿ ತೋರಿಸಿಕೊಳ್ಳಿ. ರಿಸೀವರು ಆಮೇಲೆ ತಂದರೂ ನಡೆಯುತ್ತದೆ. ನಾನೂ ಮುಂದಿನ ತಿಂಗಳು ಮೈಸೂರಿಗೆ ಹೊರಟಿದ್ದೇನೆ. ಮೊನ್ನೆ ಭಾನುವಾರ ಹೆಂಡತಿಯ ತಟ್ಟೆಗೆ ನಾನೇ ದೋಸೆ ಬಡಿಸುತ್ತಿದ್ದೆ. ಅವಳು ನಾಲ್ಕು ಸಲ “ಸಾಕು” ಎಂದಳಂತೆ. ನಾನು ನಾಲ್ಕು ಸಲವೂ ಹಾಕಿದೆ.