ಎಲ್ಫುಗಳ ಪೌತಿ ಖಾತೆ

ನನಗೆ ಎಲ್ಫುಗಳ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ. ನೆಲಮಂಗಲದಿಂದ ಮೆಜೆಸ್ಟಿಕ್ಕಿಗೆ ದಿನಾ ಬಸ್ಸಲ್ಲಿ ಹೋಗಿಬರುವವನಿಗೆ ಗೊರಗುಂಟೆಪಾಳ್ಯದ ಜಾಮು ಎಂಥ ದಪ್ಪ ಪುಸ್ತಕವನ್ನೂ ಓದಿಸಿಬಿಡುತ್ತದೆ. ಆಕ್ಸ್‌ಫರ್ಡಿನ ಮೇಷ್ಟ್ರು ಟೋಲ್ಕಿನ್ 1954-55ರಲ್ಲಿ ಮೂರು ಸಂಪುಟವಾಗಿ ತಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ನಾನು ಮುಗಿಸಿದ್ದು ಹಾಗೆ, ಹೆಚ್ಚಿನ ಪಾಲು ನಿಂತುಕೊಂಡೇ.

ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರ. ಹೆಂಡತಿ ಮೊದಲ ಸಂಜೆಯೇ ಟೀವಿ ಜೋರು ಮಾಡಿದಳು. ಸಿಕ್ಕಿದ್ದು ಅಮ್ಮ. ನೆನೆಸಿದ ಅವರೆಕಾಳನ್ನು ಹಿದುಕುತ್ತಾ ಕೂತವಳಿಗೆ ಯಾವ ಕತೆಯಾದರೂ ಆದೀತು.

“ಎಲ್ಫು ಅಂದ್ರೆ ಯಕ್ಷರು ಅಂದ್ಕೊಳಮ್ಮ. ಕಾಡಲ್ಲಿರ್ತಾರೆ, ಹಾಡ್ತಾರೆ. ಮುಪ್ಪಿಲ್ಲ, ಯಾರೂ ಕೊಲ್ದಿದ್ರೆ ಸಾವೂ ಇಲ್ಲ. ಎಲ್ರಾಂಡ್ ಅಂತ ಒಬ್ಬನಿಗೆ ಆರು ಸಾವಿರ ವರ್ಷ ದಾಟಿದೆ.”

ಅಮ್ಮನ ಕೈಯಿಂದ ಬೇಳೆ ಪುಳಕ್ಕನೆ ಜಿಗಿದು ನನ್ನ ಕನ್ನಡಕಕ್ಕೆ ಬಡಿಯಿತು. “ಸಾಯಕಿಲ್ವಾ? ಹಂಗಾರೆ ಪೌತಿ ಖಾತೆ ಯಾವಾಗ್ಲಾ ಆಗೋದು?”

ಅವಳ ಚಿಂತೆಗೆ ಕಾರಣವಿದೆ. ತಾತ ತೀರಿಕೊಂಡು ಇಪ್ಪತ್ತು ವರ್ಷವಾದರೂ ದೊಡ್ಡಪ್ಪನ ಮಕ್ಕಳು ಒಪ್ಪದೆ ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ. ದಾಖಲೆ ನೋಡಿದರೆ ನಮ್ಮ ತಾತನೂ ಎಲ್ಫೇ.

ಉಂಗುರದ ಕತೆಗೂ ಅವಳು ಮಣಿಯಲಿಲ್ಲ. ಗಾಳ ಹಾಕಿದ್ದ ಡೀಗಾಲನನ್ನು ಮೀನೇ ನದಿಗೆ ಎಳೆದುಕೊಂಡಿತು, ತಳದಲ್ಲಿ ಉಂಗುರ ಸಿಕ್ಕಿತು ಎಂದೆ. “ಮೀನು, ಉಂಗುರ... ಶಕುಂತಲೆ ಕತೆ ಕಣ್ಲಾ ಇದು.” ಎಲೆಯಲ್ಲಿ ಸುತ್ತಿಟ್ಟ ಲೆಂಬಾಸ್ ರೊಟ್ಟಿ ಒಂದು ತಿಂದರೆ ದಿನವೆಲ್ಲ ನಡೆಯಬಹುದು ಎಂದದ್ದಕ್ಕೆ, “ರಾಗೀದಿರ್ಬೇಕು” ಎಂದಳು. ಮಾಂತ್ರಿಕ ಗ್ಯಾಂಡಾಲ್ಫನ ಕೋಲಿನ ತುದಿಯಲ್ಲಿ ಬೆಳಕು ಹತ್ತಿಸಿದೆ. “ಶಿವಗಂಗೇಲಿ ತುಪ್ಪಾನೇ ಬೆಣ್ಣೆ ಆಯ್ತದೆ. ಇದೇನ್ ಮಹಾ?”

ಇದೇ ತೊಂದರೆ. ನಮ್ಮ ತಾಲ್ಲೂಕಿನವರನ್ನು ಮಾಯೆಯಿಂದ ಬೆರಗುಗೊಳಿಸುವುದು ಕಷ್ಟ. ಶಿವಗಂಗೆಯ ಗಂಗಾಧರೇಶ್ವರನಿಗೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತದೆ, ಅಲ್ಲಿಂದ ಬೆಂಗಳೂರಿನ ಗವಿಪುರಕ್ಕೆ ಸುರಂಗವಿದೆ ಎಂದು ಕೇಳಿಕೊಂಡೇ ಬೆಳೆದವರು ನಾವು. (ಆ ಸುರಂಗಕ್ಕೆ ಒಂದು ಬಸ್ಸು ಬಿಟ್ಟರೆ ಗೊರಗುಂಟೆಪಾಳ್ಯ ತಪ್ಪೀತು.) ಬೆಟ್ಟದ ಮೇಲಿನ ಒಳಕಲ್ಲು ತೀರ್ಥದ ಬಂಡೆಯ ಕುಳಿಗೆ ಕೈ ಹಾಕಿದರೆ ಪುಣ್ಯವಂತರಿಗೆ ಮಾತ್ರ ನೀರು ಸಿಗುತ್ತದಂತೆ. ಎಂಟನೇ ವಯಸ್ಸಿನಲ್ಲಿ ನಾನು ಭುಜದವರೆಗೂ ತೂರಿಸಿದೆ, ಕೆನ್ನೆ ಬಂಡೆಗೆ ಒತ್ತಿತು, ಬೆರಳಿಗೆ ಬರೀ ತಣ್ಣನೆ ಕಲ್ಲು. ಅಕ್ಕನಿಗೆ ಒಂದೇ ಸಲಕ್ಕೆ ಸಿಕ್ಕಿತು. ಆ ಒದ್ದೆ ಕೈಯನ್ನು ಬೆಟ್ಟ ಇಳಿಯುವ ತನಕ ನನ್ನ ಮೂತಿಗೆ ಹಿಡಿದಿದ್ದಳು.

ನಿಜ ಹೇಳಬೇಕೆಂದರೆ ನನ್ನನ್ನು ಹಿಡಿದದ್ದು ಮಾಯೆಯಲ್ಲ, ಪುಸ್ತಕದಲ್ಲಿರುವ ನಕ್ಷೆ. ಅಲ್ಲಿ ಕಾಡು ಅಂತ ಬರೆದಲ್ಲಿ ಯಾವತ್ತು ತೆರೆದರೂ ಕಾಡೇ. ನನ್ನ ಬಸ್ಸಿನ ಕಿಟಕಿಯಾಚೆ ಹೋದ ವರ್ಷದ ಹುಣಸೆತೋಪಿಗೆ ಈ ವರ್ಷ ಕಲ್ಲು ನೆಟ್ಟು, ಕಮಾನು ನಿಲ್ಲಿಸಿ, ‘ವುಡ್ಸ್’ ಅಂತ ಕೊನೆಯಾಗುವ ಹೆಸರಿಟ್ಟಿದ್ದಾರೆ. ಮರ ಹೋದ ಮೇಲೆ.

ಕತೆ ಮುಗಿಸಿದ ರಾತ್ರಿ ಅಮ್ಮನಿಗೆ ಮೆತ್ತಗೆ ಹೇಳಿದೆ: “ಕೊನೆಗೆ ಎಲ್ಫುಗಳೂ ಕಾಡು ಬಿಟ್ಟು ಹಡಗು ಹತ್ತಿ ಪಶ್ಚಿಮಕ್ಕೆ ಹೋಗಿಬಿಡ್ತಾರಮ್ಮ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕಣ್ಣು ತೇವವಾಯಿತೇನೋ ಎಂದುಕೊಂಡೆ.

“ಎಕರೆಗೆ ಎಷ್ಟಕ್ಕೆ ಕೊಟ್ರಂತೆ?”